ಪಾರ್ಸೆಲ್ ಕಾಗದದ ನಕ್ಷೆ

ಹೋಟೆಲ್ ಕಿಚನ್‌ನಲ್ಲಿ ಯಾವುದು ಎಲ್ಲಿರಬೇಕೆಂದು ಸಲಹೆ ಕೊಡುವುದು ಶಿವಕಾಂತಾಳ ವೃತ್ತಿ. ಪುಣೆಯವರ ‘ಚಾಲೇಲ್’, ಅಂದರೆ ‘ನಡೀತದ’ ಎಂಬ ಮಾತು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ಧನಕವಡಿಯ ಹರಿಶ್ಚಂದ್ರ ಶೆಟ್ಟರ ಹೋಟೆಲಿನ ವರದಿಯನ್ನು ಹನ್ನೊಂದು ಸಲ ತಿದ್ದಿ, ಒಂದೂವರೆ ತಿಂಗಳು ತಡವಾಗಿ ಒಯ್ದಳು.

ಅಲ್ಲಿ ಒಲೆ, ಸಿಂಕ್ ಆಗಲೇ ಜಾಗ ಬದಲಿಸಿದ್ದವು. ಗೋಡೆಯ ಮೇಲೆ ಎಣ್ಣೆ ಹೀರಿದ ಪಾರ್ಸೆಲ್ ಕಾಗದವಿತ್ತು: ಮೊದಲ ದಿನ ಅವಳೇ ಪೆನ್ಸಿಲಿನಲ್ಲಿ ಗೀಚಿದ್ದ ನಕ್ಷೆ.

“ಅದು ಬರೇ ಕಚ್ಚಾ ಇತ್ತಲ್ರಿ” ಎಂದಳು.

“ನಮಗೆ ಅಷ್ಟೇ ಸಾಕಾಯ್ತು ಮೇಡಂ. ಈಗ ಒಳಗೆ ಯಾರೂ ಡಿಕ್ಕಿ ಹೊಡೆಯುವುದಿಲ್ಲ” ಎಂದರು ಶೆಟ್ಟರು.

ಸಿಂಕ್ ಒಂದು ಗೇಣು ಬಲಕ್ಕಿರಬೇಕಿತ್ತು. ಆದರೂ ವರದಿಯನ್ನು ಬ್ಯಾಗಿನಲ್ಲೇ ಬಿಟ್ಟು, ಎರಡು ತಿಂಗಳಿಂದ ಕಾದಿದ್ದ ದೇಹೂ ರೋಡಿನ ಗಿರಾಕಿಗೆ ಫೋನ್ ಮಾಡಿದಳು.

“ನಾಳೆ ಬರ್ತೀನ್ರಿ. ನಕ್ಷೆ ಅಲ್ಲೇ ಕುಂತು ಬರೆದು ಕೊಟ್ಟೇ ಏಳ್ತೀನಿ. ಚಾಲೇಲ್ ನಾ?”