ಮೂರು ದಿನದ ನೋವು

ಬಾಗಿಲಿಗೆ ಅಡ್ಡ ನಿಂತ ಬೆನೀತಾ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೈಯಲ್ಲಿ ಬಿಸಿನೀರಿನ ಬೋಗುಣಿ, ಹೆಗಲ ಮೇಲೆ ಬಿಳಿ ಬಟ್ಟೆ. ಒಳಗೆ ಮಂಚದ ಮೇಲೆ ಅವಳ ಜೀವದ ಗೆಳತಿ ಹಸಿಂತಾಳ ಹೆಣ. ಎದುರಿಗೆ, ಸುದ್ದಿ ಕೇಳಿ ಸಿಕ್ಕ ಮೊದಲ ಬಸ್ಸಿಗೆ ಟೊಲೆಡೊದಿಂದ ಓಡಿಬಂದ ಹಸಿಂತಾಳ ಮಗಳು ಕಸಿಲ್ದಾ.

"ನಮ್ಮಮ್ಮನಿಗೆ ನಾನೇ ಸ್ನಾನ ಮಾಡಿಸ್ತೀನಿ. ದಾರಿ ಬಿಡು ಚಿಕ್ಕಮ್ಮ."

"ಹೊಟ್ಟೇಲಿ ಹುಟ್ಟಿದವರು ಮಾಡಿಸಬಾರದು ಕಣೇ. ಅದು ನೆರೆಹೊರೆಯವರ ಕೆಲಸ."

ಹೇಳಿದ ಮೇಲೆ ಬೆನೀತಾ ನಾಲಿಗೆ ಕಚ್ಚಿಕೊಂಡಳು. ಹಸಿಂತಾಳ ಹೊಟ್ಟೆ ಇವಳ ಕಣ್ಣಿಗೆ ಬಿದ್ದರೆ ಇಷ್ಟು ವರ್ಷ ಬಚ್ಚಿಟ್ಟದ್ದೆಲ್ಲ ಬಯಲಾಗುತ್ತಿತ್ತು.

*

ಇಪ್ಪತ್ತೊಂಬತ್ತು ವರ್ಷದ ಹಿಂದಿನ ಮಾತು. ಹೂವಿನಿಂದ ಕೇಸರಿ ಎಳೆ ಬಿಡಿಸುವ ಮೇಜಿನ ಸುತ್ತ ಮೂವರೇ ಉಳಿದಿದ್ದ ಮಧ್ಯಾಹ್ನ, ಮದುವೆಯಾಗದ ಬೆನೀತಾ ಹೂವಿನ ರಾಶಿಯಲ್ಲಿ ಮುಖವಿಟ್ಟು ಅತ್ತಿದ್ದಳು. ಮೂರು ತಿಂಗಳಾಗಿತ್ತು. ಕೈಕೊಟ್ಟವನು ಊರು ಬಿಟ್ಟಿದ್ದ. ಅಪ್ಪನಿಗೆ ತಿಳಿದರೆ ಜೀವಸಹಿತ ಬಿಡುತ್ತಿರಲಿಲ್ಲ. ಹಸಿಂತಾಳ ಗಂಡ ತೀರಿಕೊಂಡು ಆಗಷ್ಟೇ ಎರಡು ತಿಂಗಳು. ಅವಳು ಹಳದಿಗಟ್ಟಿದ ಬೆರಳಿನಿಂದ ಗೆಳತಿಯ ಕಣ್ಣೊರೆಸಿದಳು.

"ಸತ್ತವನು ಎದ್ದು ಬಂದು ಇಲ್ಲ ಅಂತಾನಾ? ಮಗು ನಂದು."

ಮೂರನೆಯವಳು ಪ್ರುದೆನ್ಸಿಯಾ ಹಾಸಿಗೆಯ ಉಣ್ಣೆ ಕಿತ್ತು ದಿಂಬು ಹೊಲಿದು, ತಿಂಗಳು ತಿಂಗಳಿಗೂ ಅದನ್ನು ದಪ್ಪ ಮಾಡುತ್ತ ಬಂದಳು. ವಿಧವೆಯ ಕರಿ ಉಡುಪಿನೊಳಗೆ ದಿಂಬು ಬೆಳೆಯಿತು. ಮನೆಗೆಲಸಕ್ಕೆಂದು ಮ್ಯಾಡ್ರಿಡ್‌ಗೆ ಹೋದ ಬೆನೀತಾ ಅಲ್ಲಿನ ಆಸ್ಪತ್ರೆಯಲ್ಲಿ ಹಸಿಂತಾಳ ಹೆಸರು ಹೇಳಿ, ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತಳು. ಹೆರಿಗೆಯ ನೆಪದಲ್ಲಿ ಹಿಂದೆಯೇ ಹೋಗಿದ್ದ ಹಸಿಂತಾ ಮಗುವನ್ನೆತ್ತಿಕೊಂಡು ಊರಿಗೆ ಬಂದಳು.

ಆ ಹೆರಿಗೆಯ ಕತೆಯನ್ನೂ ಅವಳು ತನ್ನದೇ ಮಾಡಿಕೊಂಡುಬಿಟ್ಟಳು. ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಉಡುಪಿನ ಮೇಲೆ ಬೆರಳೆಳೆದು, ಇಲ್ಲಿಂದ ಇಲ್ಲಿಗೆ ಕೊಯ್ದರು ಎಂದು ತೋರಿಸುವಳು. ಒಂದು ದಿನದ ನೋವು ಎರಡಾಯಿತು, ಆಮೇಲೆ ಮೂರು. ಕೇಕು ತಿನ್ನುತ್ತ ಕೂತ ಬೆನೀತಾ ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದಳು. ಎಷ್ಟೋ ಸಲ ಅಳುವನ್ನೂ ಹಾಗೇ ತಡೆದಿದ್ದಳು.

*

ಕಸಿಲ್ದಾ ಬೆನೀತಾಳನ್ನು ಸರಿಸಿ ಒಳಗೆ ನುಗ್ಗಿಯೇಬಿಟ್ಟಳು. ತಾಯಿಯ ನೆತ್ತಿ ನೇವರಿಸಿ, ಮೆಲ್ಲಗೆ ಒಳಂಗಿ ಬಿಡಿಸಿದಳು. ಸುಕ್ಕುಗಟ್ಟಿದ ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಮೂಲೆಯಲ್ಲಿದ್ದ ಪ್ರುದೆನ್ಸಿಯಾ ಸುಮ್ಮಸುಮ್ಮನೆ ಕೆಮ್ಮತೊಡಗಿದಳು.

ಕಸಿಲ್ದಾ ತಿರುಗಿದಳು. ಬೆನೀತಾಳ ಒಂದು ಕೈ ಅವಳಿಗೇ ಅರಿವಿಲ್ಲದೆ ತನ್ನ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು. ಕಸಿಲ್ದಾ ಆ ಕೈಯನ್ನೇ ನೋಡುತ್ತ ನಿಂತಳು. ಬೆಳಿಗ್ಗೆ ಗೆಳತಿ ಹೋದಳು, ಈಗ ಇವಳೂ ಹೋದಳು ಅಂದುಕೊಂಡಳು ಬೆನೀತಾ.

"ಹೊಟ್ಟೇಲಿ ಹುಟ್ಟಿದವರು ಮಾಡಿಸಬಾರದು ಅಂದೆ, ಅಲ್ವಾ?" ಕಸಿಲ್ದಾ ತೋಳು ಮಡಚಿಕೊಂಡಳು. "ಹಾಗಾದ್ರೆ ನಾನು ಮಾಡಿಸಬಹುದು. ನೀರು ಕೊಡು."

ಎಳೆ ಮಗುವಿಗೆ ಮಾಡಿಸುವ ಹಾಗೆ, ಮೊದಲು ಆ ಹೊಟ್ಟೆಯನ್ನೇ ಒರೆಸಿದಳು. ಆಮೇಲೆ ತಲೆಯೆತ್ತದೆ ಕೇಳಿದಳು:

"ಮೂರು ದಿನ ನೋವು ತಿಂದಿದ್ದು ನಿಜವಾ?"

"ಒಂದೇ ದಿನ," ಅಂದಳು ಬೆನೀತಾ. "ಮಿಕ್ಕಿದ್ದು ಇವಳು ಸೇರಿಸಿದ್ದು."

ಅಳುತ್ತಿದ್ದ ಕಸಿಲ್ದಾಗೆ ನಗು ಬಂದುಬಿಟ್ಟಿತು.

ಸಂಜೆ ಚರ್ಚಿನಲ್ಲಿ ಮನೆಯವರಿಗೆ ಮೀಸಲಾದ ಮೊದಲ ಬೆಂಚಿನಲ್ಲಿ ಕಸಿಲ್ದಾ ಒಬ್ಬಳೇ ಕೂತಿದ್ದಳು. ಬೆನೀತಾ ಎಂದಿನಂತೆ ನೆರೆಯವರ ಜೊತೆ ಮೂರನೇ ಸಾಲಿಗೆ ಹೋದಳು. ಪಾದ್ರಿ ಇನ್ನೂ ಬಂದಿರಲಿಲ್ಲ. ಕಸಿಲ್ದಾ ಹಿಂದೆ ತಿರುಗಿ ಅವಳನ್ನು ಹುಡುಕಿದಳು; ಆಮೇಲೆ ತನ್ನ ಪಕ್ಕದ ಜಾಗದಲ್ಲಿಟ್ಟಿದ್ದ ಕೈಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.