ಕಸ ತೆಗೆಯದ ಹಾಡು

ಟೇಪಣ್ಣನ ಅಂಗಡಿ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿತ್ತು. ಹಳೆಯ ಕ್ಯಾಸೆಟ್ ತಂದುಕೊಟ್ಟರೆ ಅದರಲ್ಲಿದ್ದದ್ದನ್ನು ಮೊಬೈಲಿನಲ್ಲಿ ಕೇಳುವಂತೆ ಎಂಪಿತ್ರೀ ಮಾಡಿಕೊಡುವುದು ಅವನ ಕಸುಬು. ಯಾರಿಗೂ ಬೇಡವಾದ ಜನಪದ ಹಾಡುಗಳನ್ನು ಹುಡುಕಿ ಅಂತರ್ಜಾಲಕ್ಕೆ ಏರಿಸುವುದು ಅವನ ಹುಚ್ಚು. ಕಸುಬು ಹೊಟ್ಟೆ ಹೊರೆಯುತ್ತಿತ್ತು, ಹುಚ್ಚು ಅವನಿಗೆ ಈ ಅಡ್ಡಹೆಸರು ಕೊಟ್ಟಿತ್ತು. ಆನ್‌ಲೈನಿನಲ್ಲೂ ಅವನು ಟೇಪಣ್ಣನೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಚಿಕ್ಕಮ್ಮನ ವಾಸ. ಗಂಡನ ಒದೆತಕ್ಕೆ ಪಕ್ಕೆಲುಬು ಮುರಿಸಿಕೊಂಡು ಉಟ್ಟ ಬಟ್ಟೆಯಲ್ಲೇ ಓಡಿಬಂದವಳು. ಎಲ್ಲಿ ಅಡಗಿದರೂ ಹುಡುಕಿ ಕೊಲ್ಲುತ್ತೇನೆ ಎಂದಿದ್ದನಂತೆ ಆ ಮನುಷ್ಯ. ಅವನ ಮುಖವನ್ನು ಟೇಪಣ್ಣ ಕಂಡವನೇ ಅಲ್ಲ. ವರ್ಷಗಳು ಉರುಳಿದ್ದವು, ಚಿಕ್ಕಮ್ಮನ ಹೆಸರು ಬದಲಾಗಿತ್ತು, ಊರು ಬದಲಾಗಿತ್ತು. ಆದರೂ ಬಟ್ಟೆ ತುಂಬಿದ ಚೀಲವೊಂದು ಬಾಗಿಲ ಹಿಂದೆ ಸದಾ ಸಿದ್ಧವಾಗಿರುತ್ತಿತ್ತು. "ಯಾವ ಬಸ್ಸಿಗೆ ಚಿಕ್ಕಮ್ಮಾ?" ಎಂದು ಟೇಪಣ್ಣ ಕಂಡಾಗಲೆಲ್ಲ ಕಿಚಾಯಿಸುತ್ತಿದ್ದ. ಅವಳು ಒಂದು ದಿನವೂ ನಕ್ಕವಳಲ್ಲ.

ಅವಳಿಗೆ ಅವಳಮ್ಮ ಕಲಿಸಿದ ಬೀಸುವ ಹಾಡುಗಳು ಬಾಯಿಪಾಠವಾಗಿದ್ದವು. ಟೇಪಣ್ಣ ಅಂಗಲಾಚಿ ಅಂಗಲಾಚಿ ಕೊನೆಗೂ ಒಪ್ಪಿಸಿದ್ದ.

"ಹೆಸರು ಹಾಕಬೇಡ, ಫೋಟೋ ಹಾಕಬೇಡ, ಊರು ಹೇಳಬೇಡ," ಎಂದಿದ್ದಳು ಚಿಕ್ಕಮ್ಮ. "ಅಮ್ಮನ ಹಾಡು ನನ್ನ ಜೊತೆಗೇ ಮಣ್ಣಾಗೋದು ಬೇಡ ಅಂತ ಹಾಡ್ತಿದೀನಿ, ಅಷ್ಟೇ."

ಆ ಮಾತನ್ನು ಟೇಪಣ್ಣ ಚಾಚೂ ತಪ್ಪದೆ ನಡೆಸಿದ. ಹಾಡಿನ ಹಿಂದಿನ ಗಲಾಟೆಗೆಲ್ಲ ಅವನು ಇಟ್ಟ ಹೆಸರು ಕಸ. ಮೊದಲು ದೊಡ್ಡ ಮೂಲ ಫೈಲು, ಅದರ ಕಸ ತೆಗೆದ ಮೇಲೆ ಪುಟ್ಟ ಎಂಪಿತ್ರೀ, ಇದು ಅವನ ಪದ್ಧತಿ. ಕಂಪ್ಯೂಟರಿಗೆ ಕಸ ಹೇಗಿರುತ್ತದೆಂದು ಒಂದು ತುಣುಕು ತೋರಿಸಿದರೆ ಸಾಕು, ಉಳಿದದ್ದನ್ನು ಅದೇ ಗುಡಿಸುತ್ತಿತ್ತು. ಕೂತು ಕಸ ಕೇಳುವ ಗೋಜಿಗೆ ಅವನು ಹೋದವನಲ್ಲ. ಅದೇ ಸದ್ದುಗಳ ನಡುವೆ ಬದುಕಿ ಅವನ ಕಿವಿ ಜಡ್ಡುಗಟ್ಟಿತ್ತು.

ಹಾಡು ಏರಿಸಿದ ಮೇಲೆ 'ಹಳೇಕಿವಿ' ಎಂಬ ಹೆಸರಿನವರೊಬ್ಬರು ಬರೆದರು: "ಎರಡನೇ ನುಡಿಯಲ್ಲಿ ಆಕೆ ಸಾಲಿನ ನಡುವೆ ಉಸಿರು ಎಳೆಯುತ್ತಾರಲ್ಲ, ಅದು ಬಲು ಅಪರೂಪ. ನೀವು ಉಜ್ಜಿದ ಉಜ್ಜಿಗೆ ಆ ಉಸಿರೇ ಸವೆದಿದೆ. ಕಸ ತೆಗೆಯದ ಮೂಲ ಫೈಲು ಇದ್ದರೆ ದಯವಿಟ್ಟು ಕಳಿಸಿ. ನಿಮ್ಮಂಥ ಕಸುಬುದಾರರು ಈಗೆಲ್ಲಿದ್ದಾರೆ?"

ಟೇಪಣ್ಣ ಹಿಗ್ಗಿ ಹೀರೇಕಾಯಿಯಾದ. ಇಷ್ಟು ವರ್ಷಗಳಲ್ಲಿ ಎಂಪಿತ್ರೀಗೂ ಮೂಲಕ್ಕೂ ವ್ಯತ್ಯಾಸ ಹಿಡಿದ ಕಿವಿ ಇದೊಂದೇ! ಹಿಂದೆಮುಂದೆ ನೋಡದೆ ಮೂಲ ಫೈಲನ್ನು ಕಳಿಸಿಯೇಬಿಟ್ಟ.

ಒಂದು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ಆ ಹೊಗಳಿಕೆಯನ್ನು ಚಿಕ್ಕಮ್ಮನಿಗೆ ಓದಿ ಹೇಳಿದ. ತುತ್ತು ಎತ್ತಿದ ಅವಳ ಕೈ ಅಲ್ಲೇ ನಿಂತಿತು.

"ಆ ಉಸಿರು ಅಮ್ಮ ಕಲಿಸಿದ್ದಲ್ಲ," ಎಂದಳು. "ಪಕ್ಕೆಲುಬು ಮುರಿದ ಮೇಲೆ ಬಂದದ್ದು. ಇವರಿಗೆ ಏನಾದ್ರೂ ಕಳಿಸಿದ್ಯಾ?"

"ಇಲ್ಲ ಬಿಡು ಚಿಕ್ಕಮ್ಮಾ, ಯಾರೋ ರಸಿಕರು," ಎಂದ ಟೇಪಣ್ಣ.  

ಸಂಜೆಯ ಹೊತ್ತಿಗೆ ಹಳೇಕಿವಿಯಿಂದ ಎರಡು ಫೈಲುಗಳು ಬಂದವು. "ನಾನೂ ಸ್ವಲ್ಪ ಕಸ ತೆಗೆದಿದ್ದೇನೆ," ಎಂದಷ್ಟೇ ಬರೆದಿತ್ತು. ಟೇಪಣ್ಣ ಹೆಡ್‌ಫೋನು ಏರಿಸಿಕೊಂಡು ಮೊದಲನೆಯದನ್ನು ಹಾಕಿದ.

ಹಾಡು ಇರಲಿಲ್ಲ. ಚಿಕ್ಕಮ್ಮನ ದನಿಯನ್ನೇ ಕಸವೆಂದು ಗುಡಿಸಿಹಾಕಿ, ಹಿಂದಿನದನ್ನು ಉಳಿಸಿಕೊಳ್ಳಲಾಗಿತ್ತು. ಗಿರಣಿಯ ಬೆಲ್ಟು ಪಟಪಟ ಬಡಿಯಿತು. ರೈಲ್ವೆ ಗೇಟಿನ ಗಂಟೆ ಹೊಡೆಯಿತು. ಆಮೇಲೆ ಬಸ್‌ಸ್ಟ್ಯಾಂಡಿನ ಧ್ವನಿವರ್ಧಕ, ದಿನವೂ ಕೂಗುವ ಹಾಗೆ, ಊರಿನ ಹೆಸರನ್ನು ಬಿಡಿಸಿ ಬಿಡಿಸಿ ಕೂಗಿತು. 

ಎರಡನೆಯದು ಪುಟ್ಟ ಫೈಲು. ಅಲ್ಲೂ ಅದೇ ಗಿರಣಿ, ಈ ಸಲ ಬಲು ಹತ್ತಿರ. ಮರದ ಮೆಟ್ಟಿಲು ಕಿರುಗುಟ್ಟಿತು. ಮೆತ್ತನೆಯ ದನಿಯೊಂದು ಕೇಳಿತು: "ಆ ಬೀಸೋ ಹಾಡು ಹಾಡಿದ್ದು ಯಾರು ಅಣ್ಣಾ?"

ಉತ್ತರ ಕೊಟ್ಟದ್ದು ಟೇಪಣ್ಣನದೇ ದನಿ. "ನಮ್ಮ ಚಿಕ್ಕಮ್ಮ. ಹೆಸರು ಮಾತ್ರ ಕೇಳಬೇಡಿ, ಹೇಳೋ ಹಾಗಿಲ್ಲ."

"ಇಲ್ಲೇ ಇರ್ತಾರಾ?"

"ಈ ಗೋಡೆ ಆಚೆಗೇ. ಎಲ್ಲಿಗೆ ಹೋಗ್ತಾರೆ? ನಿಮ್ಮ ಕ್ಯಾಸೆಟ್ಟು ನಾಳೆ ಸಂಜೆ ಬಂದು ತಗೊಂಡ್ ಹೋಗಿ."

ನಿನ್ನೆ ಬಂದಿದ್ದ ಗಿರಾಕಿ ನೆನಪಾದ. ಬಿಳಿ ಕೂದಲು, ಇಸ್ತ್ರಿ ಅಂಗಿ, ಬಲು ಮರ್ಯಾದಸ್ಥ. ಅವನು ಕೊಟ್ಟುಹೋದ ಕ್ಯಾಸೆಟ್ಟನ್ನು ಬೆಳಿಗ್ಗೆ ಹಾಕಿ ನೋಡಿದ್ದ. ಎರಡೂ ಕಡೆ ಖಾಲಿ. ಹಳೆಯದು, ಅಳಿಸಿಹೋಗಿರಬೇಕು ಪಾಪ, ಎಂದುಕೊಂಡಿದ್ದ. ಎಂಥ ದಡ್ಡ ನಾನು!

ಒಳಕ್ಕೆ ಓಡಿದ. ಚಿಕ್ಕಮ್ಮ ಅವನ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಬಾಗಿಲ ಹಿಂದಿನ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು. "ಕೆಳಗೆ ಹೋಗೋಕೆ ಬೇರೆ ದಾರಿ ಇದೆಯಾ?" ಎಂದು ಕೇಳಿದಳು. ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಕೆಳಗೆ ಗಿರಣಿ ನಿಂತಿತು. ಟೇಪಣ್ಣನಿಗೆ ಈಗ ಒಂದೊಂದು ಸದ್ದೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು. ಗೇಟಿನ ಗಂಟೆ, ಬಸ್ಸಿನ ಕೂಗು, ಪಕ್ಕದಲ್ಲಿ ಚಿಕ್ಕಮ್ಮ ಅರ್ಧಕ್ಕೇ ಎಳೆದ ಉಸಿರು. ಆಮೇಲೆ ಮರದ ಮೆಟ್ಟಿಲು ಕಿರುಗುಟ್ಟಿತು.

"ಅಣ್ಣಾ," ಎಂದಿತು ಮೆತ್ತನೆಯ ದನಿ, "ನನ್ನ ಕ್ಯಾಸೆಟ್ಟು ಆಯ್ತಾ?"