ಲಾಳದ ಮೊಳೆ

ಸಿನಿಮಾದವರನ್ನು ನಾನು ಮೊದಲ ದಿನದಿಂದಲೂ ನಂಬಿರಲಿಲ್ಲ. ಬೆಳಿಗ್ಗೆಯ ತಿಂಡಿ ಮಧ್ಯಾಹ್ನಕ್ಕೆ ಕೊಡುವವರನ್ನು, ಇವತ್ತೇ ಮುಗಿಯುತ್ತೆ ಅಂತ ವಾರಗಟ್ಟಲೆ ಎಳೆಯುವವರನ್ನು ಹೇಗೆ ನಂಬುವುದು? ಅಂಥವರ ಕೈಗೆ ಗಂಡನನ್ನು ಕೊಟ್ಟು ಶೆಟ್ಟಿಹಳ್ಳಿಯ ಮನೆಯಲ್ಲಿ ಟೀವಿ ನೋಡುತ್ತ ಕೂರುವ ಹೆಂಗಸು ನಾನಲ್ಲ. ಗುಬ್ಬಿಯ ನನ್ನ ತವರಿನಲ್ಲಿ ನನಗೆ ಪೊಲೀಸ್ ನಿಶಾತ್ ಅಂತಲೇ ಹೆಸರು. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ದಿನಾ ಶಾಬಾಜನ ಬೈಕ್ ಹತ್ತಿ ನಾನೂ ಶೂಟಿಂಗ್ ನಡೆಯುವ ಕೊತ್ತಗೆರೆಯ ತೋಟಕ್ಕೆ ಹೊರಟುಬಿಡುತ್ತಿದ್ದೆ.

ನನ್ನ ಗಂಡ ಶಾಬಾಜನಿಗೆ ಹಿರೇಹಳ್ಳಿಯ ಫೈಬರ್ ವರ್ಕ್‌ಶಾಪಿನಲ್ಲಿ ಕೆಲಸ. ನೀರಿನ ಟ್ಯಾಂಕು, ಪಾರ್ಕಿನ ಜಾರುಬಂಡೆ ಮಾಡುತ್ತಿದ್ದ ಕೈಗೆ ಈ ಸಲ ಸಿಕ್ಕಿದ್ದು ಹೆಣದ ಪೆಟ್ಟಿಗೆ. ಸಿನಿಮಾದ ಹೆಸರು ‘ಕಾಳಕಂಠರಾಯ, ಭಾಗ ಎರಡು’. ಮೊದಲ ಭಾಗದಲ್ಲಿ ಶಾಪ ತಗುಲಿದ ರಾಜನನ್ನು ಕಲ್ಲಿನ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದರು. ಎರಡನೆಯದರಲ್ಲಿ ನಿಧಿಗಳ್ಳರು ಬಂದು ಅವನನ್ನು ಎಬ್ಬಿಸುತ್ತಾರೆ. ರಾಜನ ಪಾತ್ರದ ದೊಡ್ಡ ನಟ ಪೆಟ್ಟಿಗೆಯಲ್ಲಿ ಮಲಗಲು ಒಪ್ಪಲಿಲ್ಲ. ಪೆಟ್ಟಿಗೆ ಇಳಿಸಲು ಹೋಗಿದ್ದ ನನ್ನ ಗಂಡನ ಎತ್ತರ ನೋಡಿ ಡೈರೆಕ್ಟರು, “ನೀನೇ ಮಲಗಪ್ಪ” ಅಂದರಂತೆ. ಇವನು ಹಲ್ಲು ಕಿರಿದುಕೊಂಡು ಒಪ್ಪಿ ಬಂದ.

“ಮೊದಲ ಭಾಗದಲ್ಲಿ ಆ ನಟನ ಬದಲು ಮಲಗಿದ್ನಲ್ಲ, ಅವ್ನು ಎಲ್ಲಿದಾನೆ ಸಾರ್?” ಎಂದು ಮ್ಯಾನೇಜರ್ ವೆಂಕಟರಂಗಯ್ಯನವರನ್ನು ಕೇಳಿದೆ.

“ಚೆನ್ನಾಗಿದಾನಮ್ಮ.”

“ಚೆನ್ನಾಗಿದಾನೆ, ಸರಿ. ಎಲ್ಲಿದಾನೆ?”

ಆ ಮನುಷ್ಯ ನಕ್ಕು ಫೋನು ಕಿವಿಗಿಟ್ಟುಕೊಂಡ. ಆ ಫೋನು ರಿಂಗೂ ಆಗಿರಲಿಲ್ಲ. ಅಂದಿನಿಂದ ನನ್ನ ಕಣ್ಣು ಅವನ ಮೇಲೆಯೇ. ಒಂದು ದಿನ ಜೋರಾಗಿ ಜಗಳ ತೆಗೆದು, ಪೆಟ್ಟಿಗೆಯ ಹಿಂಬದಿಗೆ ಇನ್ನೊಂದು ಚಿಕ್ಕ ಬಾಗಿಲು ಮಾಡಿಸಿದೆ. ಮುಚ್ಚಳ ಕೈಕೊಟ್ಟರೆ ನನ್ನ ಗಂಡ ಹೊರಬರಲು ದಾರಿ ಬೇಕಲ್ಲ! ಸೆಟ್ಟಿನವರೆಲ್ಲ ನನ್ನನ್ನು ನೋಡಿ ಮುಸಿಮುಸಿ ನಕ್ಕರು. ನಗಲಿ ಅಂದುಕೊಂಡೆ.

ಆ ಜಾಗದಲ್ಲಿ ನಾನು ಅನುಮಾನಪಡದೆ ಇದ್ದದ್ದು ಒಬ್ಬರನ್ನೇ, ತೋಟದ ಮಾಲೀಕ ಅಣ್ಣಯ್ಯಪ್ಪನ ತಾಯಿ ಚಿಕ್ಕಮಾರಮ್ಮಜ್ಜಿಯನ್ನು. ತೆಂಗಿನ ತೋಟವನ್ನು ಮಗ ಶೂಟಿಂಗಿಗೆ ಬಿಟ್ಟಿದ್ದು ಅಜ್ಜಿಗೆ ಒಂಚೂರೂ ಇಷ್ಟವಿರಲಿಲ್ಲ. ನಾವಿಬ್ಬರೂ ಗರಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಎಲ್ಲರನ್ನೂ ಬಯ್ಯುತ್ತಿದ್ದೆವು. ಎಷ್ಟು ಹಿತವಾಗಿರುತ್ತಿತ್ತು ಅಂತೀರಿ!

“ಸುಳ್ಳು ಪೆಟ್ಟಿಗೆ ಅಜ್ಜಿ, ಬರೀ ಫೈಬರ್ದು,” ಅಂದಿದ್ದೆ ಒಮ್ಮೆ.

“ಪೆಟ್ಟಿಗೆ ಸುಳ್ಳಿರಬೌದು ಕಣವ್ವ. ದಿನಾ ಹೆಸರಿಡಿದು ಎದ್ದೇಳು ಎದ್ದೇಳು ಅಂತ ಕೂಗ್ತಾವ್ರಲ್ಲ, ಯಾವ್ದಾರಾ ಎದ್ಬುಟ್ರೆ?”

ನಾನು ನಗಲಿಲ್ಲ. ನನಗೂ ಒಳಗೊಳಗೇ ಅದೇ ಭಯ. ಶಾಬಾಜ್ ನಿದ್ದೆಯಲ್ಲಿ “ನಾನು ಎದ್ದಿದ್ದೇನೆ” ಎಂದು ರಾಜನ ದನಿಯಲ್ಲಿ ಗೊಣಗುತ್ತಿದ್ದ. ಎರಡು ದಿನದಿಂದ ಮೈಯೂ ಬಿಸಿ. ಅದನ್ನೆಲ್ಲ ಅಜ್ಜಿಯ ಮುಂದೆ ಹೇಳಿಕೊಂಡು ಅತ್ತೆ. ಅಜ್ಜಿ ನನ್ನ ತಲೆ ಸವರಿ, “ನಿಮ್ಮಾವ ಕುದುರೆಗೆ ಲಾಳ ಕಟ್ತಿದ್ರು ಅಂದ್ಯಲ್ಲ, ಆ ಮೊಳೆ ಇದ್ರೆ ತಂದ್ಕೊಡು ಮಗ. ಬಾಗ್ಲಿಗೆ ಬೇಕು,” ಅಂದರು.

ಮಾವ ಇಸಾಕ್ ಸಾಬ್ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸ ಮಾಡಿದವರು. ಅವರ ಡಬ್ಬಿಯಲ್ಲಿ ಇನ್ನೂ ಒಂದಿಷ್ಟು ಮೊಳೆ ಉಳಿದಿದ್ದವು, ಚಪ್ಪಟೆ ಮೈಯ, ಚೌಕ ತಲೆಯವು. ನಮ್ಮ ಮನೆಯ ಹೊಸ್ತಿಲಿಗೂ ಕೆಟ್ಟದ್ದು ದಾಟದಿರಲಿ ಎಂದು ಅವನ್ನೇ ಹೊಡೆದಿದ್ದೇವೆ. ಅದರಲ್ಲಿ ಐದನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿದೆ.

ಮಾರನೆಯ ದಿನವೇ ರಾಜ ಏಳುವ ಸೀನು. ಮುಚ್ಚಳದ ಮೇಲೆ ಹಿಂದಿನ ಸಂಜೆಯೇ ಅಂಟಿನಿಂದ ಜೇಡರ ಬಲೆ ನೇಯ್ದಿದ್ದರು. ಕ್ಯಾಮೆರಾ ಓಡುವ ತನಕ ಯಾರೂ ಅದನ್ನು ಮುಟ್ಟಕೂಡದೆಂದು ಡೈರೆಕ್ಟರ ಕಟ್ಟಪ್ಪಣೆ. ಹಾಗಾಗಿ ಶಾಬಾಜನನ್ನು ನಾನು ಮಾಡಿಸಿದ್ದ ಹಿಂದಿನ ಬಾಗಿಲಿನಿಂದ ಒಳಗೆ ಕಳಿಸಿದರು. ಆಮೇಲೆ ಬೆಳಕು ನುಗ್ಗುತ್ತೆ ಅಂತ ಆ ಬಾಗಿಲಿಗೆ ಹೊರಗಿನಿಂದ ಸ್ಕ್ರೂ ಬಿಗಿದು, ಹೊಗೆಯ ಪೈಪು ಸಿಕ್ಕಿಸಿದರು. ಆ ಹೊತ್ತಿಗೆ ವೆಂಕಟರಂಗಯ್ಯ, “ನಿಮ್ಗೊಂದು ಚೇರ್ ಹಾಕ್ಸಿದೀನಿ, ಆ ಕಡೆಯಿಂದ ಚೆನ್ನಾಗಿ ಕಾಣುತ್ತಮ್ಮ,” ಎಂದು ನನ್ನನ್ನು ಮುಂದೆ ಕರೆದುಕೊಂಡು ಹೋಗಿದ್ದ. ಅವನ ಮರ್ಯಾದೆಯೇ ನನಗೆ ಅನುಮಾನ. ಆದರೂ ಹೋಗಿ ಕೂತೆ.

“ಆ್ಯಕ್ಷನ್!”

ನಿಧಿಗಳ್ಳರು ಮಂತ್ರ ಹೇಳಿದರು. ಸಂದಿಗಳಿಂದ ಹೊಗೆ ಹೊರಟಿತು. ಒಳಗಿನಿಂದ ಧಡ್ ಧಡ್ ಎಂದು ಗುದ್ದುವ ಸದ್ದು, ಆಮೇಲೆ ದೊಡ್ಡ ಅಬ್ಬರ. ಡೈರೆಕ್ಟರು ಖುಷಿಯಿಂದ ತೊಡೆ ತಟ್ಟಿ, ಹಾಗೇ ಓಡಲಿ ಎಂದು ಕೈ ಮಾಡಿದರು. ರಿಹರ್ಸಲ್ಲಿನಲ್ಲಿ ಮೂರು ಗುದ್ದಿಗೆ ಮುಚ್ಚಳ ಹಾರಿ ಬೀಳುತ್ತಿತ್ತು. ಈಗ ಗುದ್ದು ನಿಲ್ಲಲಿಲ್ಲ, ಮುಚ್ಚಳ ಅಲ್ಲಾಡಲೂ ಇಲ್ಲ. ಅಬ್ಬರದ ನಡುವೆ ಕೆಮ್ಮು ಕೇಳಿಸಿತು. ಫೈಬರಿನ ದೂಳು ಕುಡಿದು ಕುಡಿದು ಬಂದ ಆ ಒಣ ಕೆಮ್ಮನ್ನು ಪಕ್ಕದಲ್ಲಿ ಮಲಗಿ ವರ್ಷಗಟ್ಟಲೆ ಕೇಳಿದವಳು ನಾನು. ಅದು ರಾಜನದಲ್ಲ, ನನ್ನ ಗಂಡನದು.

“ನಿಲ್ಸಿ! ಅವ್ನು ಆ್ಯಕ್ಟಿಂಗ್ ಮಾಡ್ತಿಲ್ಲ! ನಿಲ್ಸ್ರೋ!”

ಹೊಗೆ ನಿಂತಿತು. ನಾಲ್ಕು ಜನ ಮುಚ್ಚಳ ಹಿಡಿದು ಎಳೆದರು, ಬರಲಿಲ್ಲ. ಒಬ್ಬ ಸ್ಕ್ರೂಡ್ರೈವರ್ ಹುಡುಕಲು ವ್ಯಾನಿನ ಕಡೆ ಓಡಿದ. ಗುದ್ದು ಮೆತ್ತಗಾಗುತ್ತ ಬಂತು. ನಾನು ವೆಂಕಟರಂಗಯ್ಯನ ಕಾಲರ್ ಹಿಡಿದುಬಿಟ್ಟೆ. “ನಿಂದೇ ಕೆಲ್ಸ! ಮೊದಲ ಭಾಗದಲ್ಲಿ ಮಲಗಿದ್ದವನ್ನೂ ಹಿಂಗೇ ಮುಗಿಸಿದ್ರಾ?”

“ಅಯ್ಯೋ, ಅವ್ನು ಮೈಸೂರಲ್ಲಿ ಹೋಟ್ಲಿಟ್ಟವ್ನೆ ಕಣಮ್ಮ! ಪೇಮೆಂಟ್ ಬಾಕಿ ಐತೆ, ಅದುಕ್ಕೆ ಹೇಳ್ಲಿಲ್ಲ!” ಎಂದು ಮ್ಯಾನೇಜರ್ ಅಳುದನಿಯಲ್ಲಿ ಕಿರುಚಿದ.

ಅಷ್ಟರಲ್ಲಿ ಚಿಕ್ಕಮಾರಮ್ಮಜ್ಜಿ ಎಳನೀರು ಕೆತ್ತುವ ಮಚ್ಚು ಹಿಡಿದು ಬಂದರು. ಸೀರೆ ಜಾರಿದ್ದೂ ತಿಳಿದಿರಲಿಲ್ಲ. ಎಲ್ಲರನ್ನೂ ತಳ್ಳಿ ಪೆಟ್ಟಿಗೆಯ ಮುಂದೆ ಮಂಡಿಯೂರಿ, ಮುಚ್ಚಳದ ಅಂಚಿನ ಕೆಳಗೆ ಮಚ್ಚಿನ ಮೊನೆ ತೂರಿಸಿ ಮೀಟಿದರು. ಒಂದು ಮೊಳೆ ಕಿತ್ತು ಬಂತು. ನಾಲ್ಕು ಮೂಲೆಗೂ ಹಾಗೇ ಮಾಡಿದರು. ಮೊಳೆ ಎಲ್ಲಿದೆಯೆಂದು ಅಜ್ಜಿ ಒಂದು ಸಲವೂ ಹುಡುಕಲಿಲ್ಲ. ಅದನ್ನು ನೋಡಿದವಳು ನಾನೊಬ್ಬಳೇ.

ಮುಚ್ಚಳ ಉರುಳಿತು. ಕಿರೀಟ ಕಿವಿಗೆ ಜಾರಿದ ನನ್ನ ಗಂಡನನ್ನು ಎಳೆದು ನೆಲಕ್ಕೆ ಹಾಕಿದರು. ಕೆಮ್ಮಿದ, ವಾಂತಿ ಮಾಡಿದ, ಕಣ್ಣು ಬಿಟ್ಟು ನನ್ನನ್ನು ನೋಡಿ, “ಟೇಕ್ ಓಕೆ ಆಯ್ತಾ?” ಅಂದ. ಅವನ ಕೆನ್ನೆಗೆ ಒಂದು ಬಿಟ್ಟು ಆಮೇಲೆ ತಬ್ಬಿಕೊಂಡು ಗೋಳೋ ಎಂದು ಅತ್ತೆ.

ಅಜ್ಜಿ ನನ್ನ ಪಕ್ಕ ಕುಸಿದು ಕಿವಿಯಲ್ಲಿ ಅಂದರು, “ಒಳಗಿಂದ ಯಾವ್ದೂ ಏಳ್ದಿರ್ಲಿ ಅಂತ ಬೆಳಕರಿಯೋ ಮುಂಚೆ ಹೊಡ್ದೆ ಕಣವ್ವ. ಮುಚ್ಚಳ ತೆಗೀನಿಲ್ಲ ಅಂದ್ರೆ ನಿನ್ ಗಂಡ ಒಳೀಕೆ ಹೆಂಗೋದಾನು, ಉಳ್ಕೊಂತಾನೆ ಅಂದ್ಕಂಡೆ. ಹಿಂದ್ಗಡೆ ಬಾಗ್ಲೈತೆ ಅಂತ ನಂಗೇನ್ಗೊತ್ತು?”

ಆ ಬಾಗಿಲು ಮಾಡಿಸಿದವಳು ನಾನು. ಆ ಮೊಳೆ ಕೊಟ್ಟವಳೂ ನಾನೇ. ಯಾರನ್ನು ಬಯ್ಯಲಿ?

ವೆಂಕಟರಂಗಯ್ಯ ಕಾಲರ್ ಸರಿಮಾಡಿಕೊಳ್ಳುತ್ತ ಒಂದು ಮೊಳೆ ಎತ್ತಿ ಹಿಡಿದ. “ಇದ್ಯಾರ್ದು? ಹೇಳ್ದಿದ್ರೆ ಪೊಲೀಸ್ ಕರೀತೀನಿ. ಅಣ್ಣಯ್ಯಪ್ಪ, ನಿಮ್ಮನೇದಾ?”

ಅಜ್ಜಿ ಬಾಯಿ ತೆರೆದರು. ನಾನು ಅವರ ಕೈಯನ್ನು ಗಟ್ಟಿಯಾಗಿ ಅದುಮಿದೆ.

“ನಮ್ಮನೇದು ಸಾರ್,” ಅಂದೆ. “ನಮ್ಮಾವನ ಡಬ್ಬೀದು. ಬೇಕಾದ್ರೆ ಮನೆ ಹೊಸ್ತಿಲು ನೋಡ್ಬನ್ನಿ.”

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಷ್ಟು ದಿನ ನಾನು ಅವನನ್ನು ನೋಡುತ್ತಿದ್ದದ್ದು ಹಾಗೇ. ಆದರೂ ತಲೆ ತಗ್ಗಿಸಲಿಲ್ಲ. ಬಾಕಿ ಪೇಮೆಂಟಿನ ಮಾತು ನನಗೂ ಗೊತ್ತಾಗಿತ್ತಲ್ಲ, ಅವನು ಪೊಲೀಸರನ್ನು ಕರೆಯಲಿಲ್ಲ. “ನಾಳೆಯಿಂದ ಗಂಡ ಹೆಂಡ್ತಿ ಇಬ್ರೂ ಈ ಕಡೆ ಬರಬೇಡಿ,” ಅಂದ.

ಕುಣಿಗಲ್ಲಿನ ಡಾಕ್ಟರಿಗೆ ತೋರಿಸಲು ಅಣ್ಣಯ್ಯಪ್ಪ ಕಾರು ತೆಗೆದರು. ಹತ್ತುವಾಗ ಅಜ್ಜಿ ಓಡಿಬಂದು ನನ್ನ ಅಂಗೈಗೆ ಏನೋ ತುರುಕಿ ಬೆರಳು ಮಡಚಿದರು.

“ಒಂದು ಮಿಕ್ಕೈತೆ ಕಣವ್ವ. ಮನೇಗೋದೇಟ್ಗೆ ಅವನ ಮಂಚುಕ್ಕೆ ಹೊಡ್ಕೋ. ಆ ರಾಜ ಇನ್ನೂ ಎಲ್ಲಿಗೂ ಹೋಗಿಲ್ಲ.”

ಹಿಂದಿನ ಸೀಟಿನಲ್ಲಿ ಶಾಬಾಜ್ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದ. ನಾನು ಮೊಳೆಯನ್ನು ಬಿಸಾಡಲಿಲ್ಲ.